ಚೀಲದಲ್ಲಿ ಇನ್ನೊಂದು ಸ್ಲೇಟು

ಶುಕ್ರವಾರ, ಬೆಳಿಗ್ಗೆ

ನನ್ನ ಅಕ್ಕನಿಗೆ,

ಚೂಟಿ ಶಾಲೆಯ ವೇದಿಕೆಯಲ್ಲಿ ಮಾತಾಡುತ್ತಾಳಾ ಅಂತ ಹೋದ ಭಾನುವಾರ ಆಸ್ಪತ್ರೆಯಲ್ಲಿ ನೀನು ಸ್ಲೇಟಿನ ಮೇಲೆ ಎರಡು ಸಲ ಬರೆದು ಕೇಳಿದ್ದೆ. ನಿನ್ನೆ ನಿನ್ನ ಮಗಳು ಮಾತಾಡಿದಳು. ಇಡೀ ಶಾಲೆಯ ಮುಂದೆ.

ಇಷ್ಟು ದಿನ ನಿನಗೆ ತಿಳಿಸದ ಒಂದು ವಿಷಯವಿದೆ. ನಿನ್ನ ಆಪರೇಷನ್ ಆದಾಗಿನಿಂದ ಅವಳು ಮನೆಯಲ್ಲೂ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ವೇದಿಕೆ ಅಂದರೆ ಬಾಗಿಲ ಹಿಂದೆ ಅಡಗುತ್ತಿದ್ದಳು. ನಾಚಿಕೆ ಅಂದುಕೊಂಡೆ. ಕೊನೆಗೆ ಕಿವಿಯಲ್ಲಿ ಹೇಳಿದಳು: ತುಂಬ ಜನರ ಮುಂದೆ ಮಾತಾಡಿದರೆ ಧ್ವನಿ ಖರ್ಚಾಗುತ್ತಂತೆ, ಬಸ್ ನಿಲ್ದಾಣದ ಮೈಕಿನಲ್ಲಿ ಅಮ್ಮನದು ಹಾಗೇ ಮುಗಿದುಹೋಯಿತಂತೆ. ಯಾರೋ ಅವಳ ಎದುರಿಗೇ ಅಂದಿದ್ದಾರೆ.

ನಾನು ಓದಿದ್ದು ಅಷ್ಟಕ್ಕಷ್ಟೆ. ತಿಳಿದಂತೆ ಮಾಡಿದೆ. ಹೊಲಿದ ಅಂಗಿಗಳನ್ನೆಲ್ಲ ಹಗ್ಗಕ್ಕೆ ಸಾಲಾಗಿ ನೇತುಹಾಕಿ, ಇವರ ಮುಂದೆ ಹೇಳು, ಇವರ್ಯಾರೂ ನಗಲ್ಲ ಅಂದೆ. ನೋಡಿದಳು. ಚಿಕ್ಕಮ್ಮ, ಇವರಿಗೆ ಕತ್ತಿನ ಗುಂಡಿ ಹಾಕಿಲ್ಲ, ಆಗಲೇ ಬಾಯಿ ಬಿಟ್ಕೊಂಡು ನಗ್ತಿದಾರೆ ಅಂದಳು. ನಿನ್ನ ಮಗಳೇ ಸರಿ.

ಅದೂ ನಡೆಯದೆ, ಮಂಗಳವಾರ ಅವಳನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಈಗಲೂ ನಿನ್ನದೇ ರೆಕಾರ್ಡು ಹಾಕುತ್ತಾರೆ. ನೋಡು, ಇಷ್ಟು ವರ್ಷ ಕೂಗಿದರೂ ಅಮ್ಮನ ಧ್ವನಿ ಮುಗಿದಿಲ್ಲ ಅಂದೆ. ನಾಲ್ಕು ಬಸ್ಸು ಹೋಗುವವರೆಗೂ ಕೇಳುತ್ತ ನಿಂತಳು. ಆಮೇಲೆ ವಿಚಾರಣೆಯ ಕಿಟಕಿಗೆ ಹೋಗಿ, ಆ ಧ್ವನಿ ನಮ್ಮಮ್ಮಂದು, ತೆಗೆದು ಕೊಡ್ತೀರಾ ಅಂತ ಕೇಳಿದಳು. ಕೊಡೋಕೆ ಬರೋ ಹಾಗಿದ್ರೆ ನಾನೇ ಹೊತ್ಕೊಂಡು ಹೋಗಿ ಕೊಟ್ಟು ಬರ್ತಿದ್ದೆ ಮರಿ, ಅಂದರು ಗುಮಾಸ್ತರು. ದಾರಿಯಲ್ಲಿ, ಸರಿ ಮಾತಾಡ್ತೀನಿ ಅಂದಳು. ನಾನು ಗೆದ್ದೆ ಅಂದುಕೊಂಡೆ.

ನಿನ್ನೆ ಭಾಷಣಕ್ಕೆ ಕೊಟ್ಟಿದ್ದ ವಿಷಯ, ನನ್ನ ಅಮ್ಮ. ವೇದಿಕೆ ಹತ್ತಿ ಲಂಗದ ಅಂಚು ಹಿಡಿದುಕೊಂಡು ನಿಂತವಳು, ಪ್ರಯಾಣಿಕರೇ ದಯವಿಟ್ಟು ಗಮನಿಸಿ ಅಂತ ನಿನ್ನದೇ ರಾಗದಲ್ಲಿ ಶುರು ಮಾಡಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಕಾದಳು ಅಕ್ಕ, ಬಸ್ಸಿನ ಹಾರ್ನ್ ನಿಲ್ಲಲಿ ಅಂತ ನೀನು ಕಾಯುತ್ತಿದ್ದೆಯಲ್ಲ, ಹಾಗೆ. ಆಮೇಲೆ ಹೇಳಿದಳು: ನಮ್ಮಮ್ಮ ಈಗ ಬರೆದು ಮಾತಾಡ್ತಾಳೆ. ಅವಳ ಅಕ್ಷರ ಗುಂಡಗಿದೆ. ಬೇಗ ಬೇಗ ಅಳಿಸಬೇಡ ಅಂದ್ರೂ ಅಳಿಸ್ತಾಳೆ.

ಆಮೇಲೆ ಯಾರೂ ನಗಲಿಲ್ಲ.

ಸಂಜೆ ಅವಳ ಚೀಲ ತೆಗೆದರೆ ಒಳಗೆ ಒಂದು ಸ್ಲೇಟು, ಬಟ್ಟೆಚೂರಿನಲ್ಲಿ ಸುತ್ತಿದ ಮೂರು ಬಳಪ. ಇದ್ಯಾಕೆ ಅಂದೆ. ನಾಳೆಯಿಂದ ನಂಗೂ ಬೇಕಾಗುತ್ತಲ್ಲ, ಅಮ್ಮನ ವಿಷಯ ಹೇಳೋಕೆ ಖರ್ಚಾದ್ರೆ ಪರವಾಗಿಲ್ಲ ಅಂದಳು. ಭಯ ಹೋಗಿರಲಿಲ್ಲ ಅಕ್ಕ. ಅದನ್ನು ಕಟ್ಟಿಕೊಂಡೇ ವೇದಿಕೆ ಹತ್ತಿದ್ದಳು.

ಇವತ್ತು ಎದ್ದವಳು ಬಹಳ ಹೊತ್ತು ತುಟಿ ಬಿಗಿದುಕೊಂಡೇ ಇದ್ದಳು. ನೀರಿಗೂ ಕೈಸನ್ನೆ. ಕೊನೆಗೆ ಮೆಲ್ಲಗೆ, ಚಿಕ್ಕಮ್ಮ, ಇದೆ ಅಂದಳು. ನಾನು ತಬ್ಬಿಕೊಂಡೆ. ಹೆಗಲ ಮೇಲಿನಿಂದಲೇ ಕೇಳಿದಳು: ಹಾಗಾದ್ರೆ ಅಮ್ಮಂದು ಯಾಕೆ ಹೋಯ್ತು?

ಶಾಲೆಗೆ ಹೊತ್ತಾಯಿತು ಅಂತ ಜಡೆ ಹಾಕಲು ಕೂತೆ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಧ್ವನಿ ಖರ್ಚಾಯಿತು ಅಂದ ಆ ಯಾರೋ ನಾನೇ. ಆಪರೇಷನ್ನಿನ ಮಾರನೆಯ ದಿನ ಪಕ್ಕದ ಮನೆಯವರು ಕೇಳಿದಾಗ ಗಂಟಲಲ್ಲಿ ಗಡ್ಡೆ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಮೈಕಿನಲ್ಲಿ ಕೂಗಿ ಕೂಗಿ ಇದ್ದಬದ್ದ ಧ್ವನಿಯೆಲ್ಲ ಖರ್ಚಾಯಿತು ಅಂದುಬಿಟ್ಟೆ. ಚೂಟಿ ಮಿಷಿನ್ನಿನ ಕೆಳಗೆ ಬಟ್ಟೆಚೂರು ಆರಿಸುತ್ತ ಕೂತಿದ್ದಳು. ಭಾನುವಾರ ಕರೆತರುತ್ತೇನೆ. ನಿಜವನ್ನು ನಿನ್ನ ಮುಂದೆಯೇ ಅವಳಿಗೆ ಹೇಳುತ್ತೇನೆ. ನನ್ನ ಬಾಯಿ ಕಟ್ಟಿದರೆ, ನಿನ್ನ ಸ್ಲೇಟು ನನ್ನ ಕಡೆ ತಳ್ಳು.