ಅಕ್ಕನ ಆರು ಜಿಬಿ

ಜುಲೈ 3, ಬುಧವಾರ

ಅಂಕಣಕ್ಕೆ ಕುಳಿತೆ. ವಿಷಯ ಹೊಳೆಯಲಿಲ್ಲ. ವಾಡಿಕೆಯಂತೆ ಪೆನ್ಸಿಲ್ ಚೂಪು ಮಾಡಿದೆ. ಬರೆಯುವುದೇನೋ ಕಂಪ್ಯೂಟರಿನಲ್ಲೇ. ಅಷ್ಟರಲ್ಲಿ ಭಾವನ ಫೋನ್.

"ನೀನು ಕೊಟ್ಟುಹೋದ ಹಾರ್ಡ್ ಡ್ರೈವ್ ನಮ್ಮ ಟಿವಿಗೆ ಕಾಣ್ತಾನೇ ಇಲ್ಲ ಕಣೋ. ನಿಮ್ಮಕ್ಕ ರಿಮೋಟ್ ಹಿಡ್ಕೊಂಡು ನನ್ನನ್ನೇ ದುರುಗುಟ್ಟಿ ನೋಡ್ತಿದಾಳೆ."

ಅದರಲ್ಲಿರುವುದು ಅಕ್ಕ ಶಾಲೆಯಿಂದ ನಿವೃತ್ತಳಾದ ದಿನದ ವಿಡಿಯೊ. ತೆಗೆದವನು ನಾನೇ. ಒಂದೂವರೆ ಗಂಟೆ ಎಲ್ಲರನ್ನೂ ಹೆಸರು ಹಿಡಿದು ಜಾಡಿಸಿದ್ದಾಳೆ. ಮರುವರ್ಷ ಗಂಟಲಿನ ಆಪರೇಶನ್ — ಧ್ವನಿಪೆಟ್ಟಿಗೆಯನ್ನೇ ತೆಗೆದರು. ಬೇರೆಲ್ಲೂ ಅವಳ ಧ್ವನಿ ಉಳಿದಿಲ್ಲ. ರೆಕಾರ್ಡ್ ಮಾಡಲು ಫೋನ್ ಎತ್ತಿ ಹಿಡಿದವರ ಕೈಗೇ ಹೊಡೆಯುತ್ತಿದ್ದಳು. ಆಗ ತೊಟ್ಟಿಲಲ್ಲಿದ್ದ ಮೊಮ್ಮಗಳಿಗೆ ಈಗ ಐದು. ಅಜ್ಜಿ ಮಾತಾಡುವುದೆಂದರೆ ಸ್ಲೇಟಿನಲ್ಲಿ ಎಂದುಕೊಂಡಿದೆ ಮಗು. ಭಾನುವಾರ ಅವಳಿಗೆ ಕೇಳಿಸಬೇಕು.

ಸ್ಲೇಟಿನ ಫೋಟೊ ಬಂತು: "ಏ ಮಂಗ, ಒಂದ್ ಕೆಲ್ಸ ನೆಟ್ಟಗೆ ಮಾಡು."

ಹೋಗಿ ಡ್ರೈವ್ ತಂದೆ.

ಜುಲೈ 4

ಗುಟ್ಟು ತಿಳಿಯಿತು. ಫೈಲ್ ಸಿಸ್ಟಮ್ — ಡ್ರೈವಿನೊಳಗೆ ಸಾಮಾನು ಜೋಡಿಸಿಡುವ ಕ್ರಮ. ಅದರಲ್ಲಿ ಮೂರು ಬಗೆ. ಬಾಡಿಗೆದಾರರನ್ನು ಆರಿಸುವ ಗಾಂಭೀರ್ಯದಿಂದ ಮೂವರನ್ನೂ ವಿಚಾರಿಸಿದೆ. ಎನ್‌ಟಿಎಫ್‌ಎಸ್: ಶಿಸ್ತಿನ ಮನುಷ್ಯ, ಆದರೆ ಅಕ್ಕನ ಟಿವಿಯ ಜೊತೆ ಮಾತು ಬಿಟ್ಟಿದ್ದಾನೆ. ಈಗ ಇರುವವನು ಇವನೇ. ಫ್ಯಾಟ್32: ಹಳೇ ಕಾಲದವನು, ಎಲ್ಲರಿಗೂ ಬೇಕಾದವನು. ಗಂಟಲು ಮಾತ್ರ ಸಣ್ಣದು — ನಾಲ್ಕು ಜಿಬಿಗಿಂತ ದೊಡ್ಡ ಫೈಲ್ ಇಳಿಯುವುದಿಲ್ಲ. ಅಕ್ಕ ಆರು ಜಿಬಿ. ಎಕ್ಸ್‌ಫ್ಯಾಟ್: ಏನು ಕೊಟ್ಟರೂ ನುಂಗುತ್ತಾನೆ, ಟಿವಿಗೂ ಗೊತ್ತು. ಅವನೇ ಸರಿ.

ಒಂದೇ ತೊಡಕು. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಬೇಕಾದರೆ ಡ್ರೈವ್ ಪೂರ್ತಿ ಖಾಲಿಯಾಗಬೇಕು. ಮೊದಲು ಎಲ್ಲವನ್ನೂ ಬೇರೆಡೆ ಕಾಪಿ ಮಾಡಿಡಬೇಕು. ಮೇಜಿನ ಡ್ರಾದಲ್ಲಿ ಹಳೇ ಪೆನ್ ಡ್ರೈವ್ ಇದೆ. ಸಾಕು.

ಜುಲೈ 5, ಶುಕ್ರವಾರ

ಶುಭಕಾರ್ಯ ಮುಗಿಯಿತು. ಕಾಪಿ ಆಗುತ್ತಿರುವಾಗ ಭಾವ ಫೋನಿನಲ್ಲಿದ್ದ. "ಆಯ್ತೇನೋ? ಇವಳು ಕೇಳ್ತಿದಾಳೆ. ಕೇಳ್ತಿದಾಳೆ ಅಂದ್ರೆ ಬರೀತಿದಾಳೆ. ಸ್ಲೇಟು ಮುಖಕ್ಕೇ ಹಿಡ್ದಿದಾಳೆ ಕಣೋ!" ನಡುವೆ ಪರದೆಯ ಮೇಲೆ ಏನೋ ಒಂದು ಪೆಟ್ಟಿಗೆ ಬಂತು. ಕಂಪ್ಯೂಟರಿಗೆ ಯಾವಾಗಲೂ ಏನಾದರೊಂದು ಗೊಣಗಾಟ. 'ಸ್ಕಿಪ್' ಒತ್ತಿದೆ.

ಆಮೇಲೆ ಫಾರ್ಮ್ಯಾಟ್. 'ಕ್ವಿಕ್' ಎಂದು ಮೊದಲೇ ಟಿಕ್ ಹಾಕಿತ್ತು. ತೆಗೆದೆ. ಅಕ್ಕನ ಕೆಲಸ, ಅವಸರ ಕೂಡದು. ಸಂಜೆಯವರೆಗೂ ನಿಧಾನವಾಗಿ, ಶ್ರದ್ಧೆಯಿಂದ, ಮೂಲೆಮೂಲೆಯನ್ನೂ ಗುಡಿಸಿತು.

ಜುಲೈ 6

ಎಲ್ಲ ವಾಪಸ್ ತುಂಬಿದೆ. ನನ್ನ ಇಪ್ಪತ್ತು ವರ್ಷದ ಅಂಕಣಗಳು — ಇವೆ. ಕರೆಂಟ್ ಬಿಲ್‌ಗಳು — ಇವೆ. ಫೋಟೊಗಳಲ್ಲಿ ಸಾಲಾಗಿ ನಿಂತ ನಾನು, ಕೂತ ನಾನು, ಸನ್ಮಾನ ಮಾಡಿಸಿಕೊಂಡ ನಾನು — ಇದ್ದೇನೆ.

ಅಕ್ಕ ಇಲ್ಲ.

ಪೆನ್ ಡ್ರೈವ್ ನೋಡಿದೆ. ಅಲ್ಲೂ ಇಲ್ಲ. ಮೌಸಿನ ಬಲ ಗುಂಡಿ ಒತ್ತಿ ಅದರ ಜಾತಕ ತೆಗೆದೆ. ಫ್ಯಾಟ್32. ಸಣ್ಣ ಗಂಟಲಿನವನು. ಗುರುವಾರ ನಾನೇ ಗೇಲಿ ಮಾಡಿದ್ದೆನಲ್ಲ... ಆ ಪೆಟ್ಟಿಗೆ ಗೊಣಗಿದ್ದು ಅದನ್ನೇ. ಈ ಒಂದು ಫೈಲ್ ನನಗೆ ಇಳಿಯುತ್ತಿಲ್ಲ, ಏನು ಮಾಡಲಿ, ಅಂತ. ನಾನು 'ಬಿಡು' ಅಂದೆ.

ಭಾವನಿಗೆ ಫೋನ್ ಮಾಡಿದೆ. ಕೇಬಲ್ ಕೆಟ್ಟಿದೆ, ಮುಂದಿನ ಭಾನುವಾರ, ಎಂದೆ.

ಜುಲೈ 11

ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ನಾಲ್ಕು ಹಾಕಿ ನೋಡಿದೆ. ಸೊನ್ನೆ. ಉಪಮೆಯಲ್ಲ, ನಿಜವಾಗಿ ಸೊನ್ನೆ. ಕ್ವಿಕ್ ಮಾಡಿದ್ದರೆ ಪಟ್ಟಿಯಷ್ಟೇ ಅಳಿಸುತ್ತಿತ್ತಂತೆ, ಫೈಲ್ ಒಳಗೇ ಉಳಿದು ಸಿಗುತ್ತಿತ್ತಂತೆ. ಪೂರ್ತಿ ಮಾಡಿದರೆ ಎಲ್ಲೆಲ್ಲೂ ಸೊನ್ನೆ ಬಳಿಯುತ್ತದಂತೆ. ಜೀವಮಾನದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದೆ.

ಅಂಕಣ ಕಳಿಸಲಿಲ್ಲ.

ಜುಲೈ 14, ಭಾನುವಾರ

ಹೋದೆ. ಡ್ರೈವ್ ಚುಚ್ಚಿದೆ. ಟಿವಿ ತಕ್ಷಣ ಗುರುತು ಹಿಡಿಯಿತು, ಬೆನ್ನು ತಟ್ಟುವ ಹಾಗೆ. ಅಕ್ಕ ಇಸ್ತ್ರಿ ಸೀರೆ ಉಟ್ಟು ಕುಳಿತಿದ್ದಳು. ಹೇಳಿದೆ. ಕೇಬಲ್ ಸುಳ್ಳನ್ನೂ ಸೇರಿಸಿ.

ಭಾವ ಎದ್ದು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು. ಅಕ್ಕ ಸ್ಲೇಟು ತೊಡೆಯ ಮೇಲಿಟ್ಟುಕೊಂಡಳು. ಬಳಪ ಪಕ್ಕಕ್ಕಿಟ್ಟಳು. ಬೈದಿದ್ದರೆ...

ಮಗು ನನ್ನ ಅಂಗಿ ಜಗ್ಗಿತು. "ಚಿಕ್ಕ ತಾತ, ಅಜ್ಜಿ ಧ್ವನಿ ಹೆಂಗಿತ್ತು?"

ಆಗ ಅಕ್ಕ ಬಳಪ ಎತ್ತಿ ಬರೆದಳು. "ನೀನೇ ಮಾಡಿ ತೋರ್ಸು. ಚಿಕ್ಕಂದಿನಲ್ಲಿ ನನ್ನ ಅಣಕಿಸ್ತಿದ್ಯಲ್ಲ."

ನಮ್ಮ ಹಾಸ್ಯದ ಮನೆತನದಲ್ಲಿ ನಾನೇ ಅಣಕು ಪ್ರವೀಣ. ಎದ್ದು ನಿಂತೆ, ಸೊಂಟಕ್ಕೆ ಕೈಯಿಟ್ಟೆ. ಮಗು ಆಗಲೇ ನಗುತ್ತಿತ್ತು. 'ಏ ಮಂಗ' — ಅಷ್ಟೇ, ಎರಡು ಪದ. ಬಾಯಿ ತೆರೆದೆ. ಎತ್ತರದಿಂದ ಶುರುಮಾಡುತ್ತಿದ್ದಳೋ, ತಗ್ಗಿನಿಂದಲೋ. 'ಏ' ಎಳೆಯುತ್ತಿದ್ದಳೇ, ಇಲ್ಲ ಥಟ್ಟನೆ... ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು. ಸ್ವರ ಹತ್ತಲಿಲ್ಲ, ಕೈ ಇಳಿಸಿ ಕುಳಿತುಬಿಟ್ಟೆ. ಮನೆಗೆ ಬಂದು ಕನ್ನಡಿಯ ಮುಂದೆ ಹೇಳಿ ನೋಡಿದೆ. ಏ ಮಂಗ. ಇದು ನನ್ನದೇ ಧ್ವನಿ. ಅವಳದು ಹೀಗಲ್ಲ, ಸ್ವಲ್ಪ ಮೇಲಿಂದ, ಹೀಗೆ —