ಚಿಲಕ ಬಿಚ್ಚಿದ ಬಾಗಿಲು

ತಮ್ಮಾ ಬಚ್ಚ,

ನಮ್ಮ ಹೆತ್ತಬ್ಬಿಗೂ ಅಪ್ಪಯ್ಯನಿಗೂ ಎಂದು ನಾವೇ ಕಟ್ಟಿದ ಮನೆ ಮುಗಿಯಿತು. ದೋಣಿಗೆ ಹೋಗದ ದಿನವೆಲ್ಲ ನಿನ್ನ ಅಣ್ಣ ರಾಜೀವ ಕಲ್ಲು ಕಟ್ಟಿದ. ನಾನೂ ಅವನ ಹೆಂಡತಿಯೂ ಗಾರೆಗೆ ಹೊಯ್ಗೆ ಹೊತ್ತೆವು.

ಇವತ್ತು ಮನೆ ಒಕ್ಕಲು. ಗಣಹೋಮ ಆಯಿತು. ಹಾಲುಕ್ಕಿಸಲು ಕರೆದರೆ ಅಬ್ಬಿ ಹೊಸ್ತಿಲ ಹೊರಗೇ ನಿಂತಳು. ಬಾಗಿಲ ಹಿಂದಿನ ಹೊಸ ಚಿಲಕ ನೋಡಿ, "ಇದ್ ಎಂತಕಾ ರಾಜೀವ? ಬಚ್ಚ ಬಂದ್ರೆ ಒಳ್ಗೆ ಬಪ್ಪುದ್ ಹ್ಯಾಂಗೆ?" ಅಂದಳು.

ಕಡಲಿಗೆ ಹೋದವರು ಯಾವ ಹೊತ್ತಿಗೂ ಬರುತ್ತಾರೆಂದು ಹಳೆಮನೆಯಲ್ಲಿ ಅವಳು ಚಿಲಕ ಹಾಕಿದವಳೇ ಅಲ್ಲ. ನಿನ್ನ ದೋಣಿ ಮಗುಚಿ ಹತ್ತು ವರ್ಷವಾಯಿತು. ನಿನ್ನ ಹೆಸರಲ್ಲಿ ಭಟ್ಟರು ಹೇಳಿದ ಕಾರ್ಯ, ತಿಥಿಯೆಲ್ಲ ನಾವು ಮಾಡಿದೆವು. ಅವಳು ಒಂದಕ್ಕೂ ಬಂದು ಕೂರಲಿಲ್ಲ.

"ಇವ್ಳಿಗೆ ಮನೆ ಕಟ್ಟೂದ್ಕಿಂತ ಕಡ್ಲಿಗೆ ದಂಡೆ ಕಟ್ಟೂದ್ ಸುಲಭ," ಎಂದು ಅಪ್ಪಯ್ಯ ನಗಿಸಲು ನೋಡಿದರು. ಅವಳು ಕದಲಲಿಲ್ಲ. ರಾಜೀವ ತಿರುಪು ಕಳಚಿ ಚಿಲಕವನ್ನೇ ಬಿಚ್ಚಿದ. ಆಮೇಲೆ ಬಲಗಾಲಿಟ್ಟು ಒಳಗೆ ಬಂದಳು. ದೇವರ ದಯೆ, ಹಾಲು ಚೆನ್ನಾಗಿ ಉಕ್ಕಿತು.

ಸಂಜೆ ನೆಂಟರೆಲ್ಲ ಹೋದ ಮೇಲೆ, ಬಾಗಿಲು ಗಾಳಿಗೆ ಬಡಿಯದಂತೆ ಅಬ್ಬಿ ಒಳಗಿನಿಂದ ಒಂದು ಕಲ್ಲು ಒತ್ತಿಟ್ಟಳು. ಯಾರೂ ಇಲ್ಲದಾಗ ನಾನು ಹಿಂಬಾಗಿಲಿಂದ ಅಂಗಳಕ್ಕೆ ಹೋಗಿ, ಹೊರಗಿನಿಂದ ಬಾಗಿಲು ನೂಕಿ ನೋಡಿದೆ.

ಕಲ್ಲು ಒಂದೇ ಕೈಗೆ ಸರಿಯುತ್ತದೆ ಮಾರಾಯ.

ನಿನ್ನ ಅಕ್ಕ,
ವನಜ