ಕಲೆ ಕಾಣದ ಕಂದು

ಇನ್ನೂ ನನ್ನನ್ನು ಅಮ್ಮ ಎನ್ನದ ಮಗಳೇ,

ನಾಡಿದ್ದು ಅಧಿಕಾರಿಗಳು ನಿನ್ನನ್ನು ಎದುರಿಗೆ ಕೂರಿಸಿಕೊಂಡು, ಈ ಟೈಲರ್ ಆಂಟಿಯ ಮಗಳಾಗಿ ಹೋಗುತ್ತೀಯಾ ಎಂದು ಕೇಳುತ್ತಾರೆ. ನೀನು ತಲೆ ಅಡ್ಡಡ್ಡ ಆಡಿಸಿದರೆ ಅಲ್ಲಿಗೆ ಮುಗಿಯಿತು. ಆಶ್ರಮದ ಮೇಲ್ವಿಚಾರಕಿ ಇದನ್ನು ನಿನಗೆ ಓದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದಾರೆ. ಪಾಪ, ನನ್ನ ಕಾಗೆ ಕಾಲು ಗುಬ್ಬಿ ಕಾಲನ್ನು ಹೇಗೆ ಓದುತ್ತಾರೋ.

ಎಂಟು ಭಾನುವಾರ ಬಂದೆ. ನೀನಾಗಿ ಕೇಳಿದ್ದು ಒಂದೇ: "ನನ್ ರೂಮಿಗೆ ಕಂದು ಬಣ್ಣ ಹಾಕ್ಸಿ. ತುಂಬಾ ಕಂದು." ಏಳು ವರ್ಷದವಳು ಗುಲಾಬಿ ಕೇಳುತ್ತಾಳೆ ಎಂದುಕೊಂಡಿದ್ದ ನಾನು ಕಕ್ಕಾಬಿಕ್ಕಿಯಾದೆ. ಆದರೂ ಗೋಡೆಯ ಮೇಲೆ ಎರಡು ಪಟ್ಟೆ ಬಳಿಸಿದೆ: ಒಂದು ಹಳೆ ಹುಣಸೆಹಣ್ಣಿನ ಬಣ್ಣ, ಇನ್ನೊಂದು ಹುರಿದ ಕಾಫಿ ಬೀಜದ್ದು. ಇಪ್ಪತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದ ಕಣ್ಣು ನನ್ನದು, ಆದರೂ ನಾಲ್ಕು ದಿನ ತಲೆ ಕೆಟ್ಟುಹೋಯಿತು. ತಪ್ಪು ಬಣ್ಣ ಆರಿಸಿದರೆ ನೀನು ಬರುವುದಿಲ್ಲವೇನೋ ಎಂಬ ಹುಚ್ಚು ಭಯ. "ಎರಡೂ ಒಂದೇ ತರ ಇವೆ, ಬಿಡಿ" ಎಂದ ಪೇಂಟರ್ ಮೇಲೆ ಹರಿಹಾಯ್ದೆ.

ನಿನ್ನೆ ಎರಡೂ ಬಣ್ಣ ಬಳಿದ ರಟ್ಟು ಹಿಡಿದು ನಿನ್ನ ಬಳಿಗೇ ಓಡಿ ಬಂದೆ. ನೀನು ಎರಡರ ಮೇಲೂ ಬೆರಳು ಒತ್ತಿ ನೋಡಿದೆ.

"ಯಾವ್ದಾದ್ರೂ ಆಗತ್ತೆ. ಕಲೆ ಕಾಣ್ಬಾರ್ದು ಅಷ್ಟೆ. ಮೊದಲ್ನೇ ಮನೇಲಿ ಗೋಡೆ ಬಿಳೀದಿತ್ತು. ಎರಡನೇ ಮನೇಲೂ."

ಆ ಎರಡೂ ಮನೆಯವರು ನಿನ್ನನ್ನು ವಾಪಸು ತಂದುಬಿಟ್ಟದ್ದು ನನಗೆ ಗೊತ್ತಿತ್ತು. ಅದು ಗೋಡೆಯ ಕಲೆಯಿಂದ ಎಂದು ನೀನು ತಿಳಿದುಕೊಂಡಿರುವುದು ಗೊತ್ತಿರಲಿಲ್ಲ. ಬಸ್ಸಿನಲ್ಲಿ ಅಷ್ಟು ಜನರೆದುರು ಗೊಳೋ ಎಂದು ಅತ್ತೆ.

ಮನೆಗೆ ಬಂದವಳೇ ಆ ಪಟ್ಟೆಗಳಿಗೆ ಎಣ್ಣೆ ಕೈ ಒರೆಸಿದೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಿಕ್ಕಿದೆ, ಹಾಲು ಎರಚಿದೆ. ಒಂದರ ಮೇಲೆ ಎಣ್ಣೆ ಹೊಳೆಯಿತು, ಇನ್ನೊಂದರ ಮೇಲೆ ಸುಣ್ಣ ಎದ್ದು ಕಂಡಿತು. "ಅಯ್ಯೋ ಅಕ್ಕಾ, ಬಣ್ಣ ಗಾಢ ಆದಷ್ಟೂ ಕೈ ಗುರುತು ಜಾಸ್ತೀನೇ ಕಾಣತ್ತೆ" ಎಂದ ಪೇಂಟರ್. ಕಾಣದಂಥದ್ದು ಎಲ್ಲಿದ್ದರೂ ತಂದುಕೊಡಪ್ಪ ಎಂದು ಅಂಗಲಾಚಿದೆ. ಅಂಥ ಬಣ್ಣವೇ ಇಲ್ಲವಂತೆ.

ಮಗಳೇ, ನಿನಗೆ ಸುಳ್ಳು ಹೇಳಲಾರೆ. ಹುಣಸೆಯ ಬಣ್ಣ ಬಳಿಸುತ್ತಿದ್ದೇನೆ, ಕಂದು ಕೇಳಿದವಳು ನೀನಲ್ಲವೇ. ಅದರ ಮೇಲೂ ಕಲೆ ಕಾಣುತ್ತದೆ. ಕಂಡರೆ ಕಾಣಲಿ. ಅದಕ್ಕಾಗಿ ನಿನ್ನನ್ನು ಯಾರೂ ಎಲ್ಲಿಗೂ ವಾಪಸು ಬಿಟ್ಟು ಬರುವುದಿಲ್ಲ. ದಮ್ಮಯ್ಯ, ನಾಡಿದ್ದು ಹೂಂ ಅನ್ನು.

ನೂರು ಕಾಲ ಗೋಡೆ ಗಲೀಜು ಮಾಡುತ್ತಾ ಬಾಳು.

ನೀನು ಏನೆಂದು ಕರೆದರೂ ಓಗೊಡುವ,
ಟೈಲರ್ ಆಂಟಿ